ಆ ಕಡೆಯಿಂದ ಬಂದ ಕೈ

ಮುಂದೆ ನಿಂತವನ ಚೀಲದ ಜಿಪ್ಪು ಬಿಟ್ಟುಹೋಗಿ ಕೆಂಪು ಕಾಲುಚೀಲವೊಂದು ಹೊರಗೆ ಇಣುಕುತ್ತಿದೆ, ಹೇಳಲೇ, ಬೇಡ, ಹೇಳಿದರೆ ಅವನು ತಿರುಗಿ ನಗುತ್ತಾನೆ, ಒಂದು ಒಳ್ಳೆಯ ಮಾತಾಡುತ್ತಾನೆ, ಆಗ ಈ ಹಾಳು ಬಲಗೈ ಎದ್ದುಬಿಟ್ಟರೆ — ಅವಳು ಬಲಗೈಯನ್ನು ಚೀಲದ ಪಟ್ಟಿಗೆ ಸುತ್ತಿ ಬಿಗಿದುಕೊಂಡಳು. ಇನ್ನು ನಾಲ್ಕೇ ಜನ, ಆಮೇಲೆ ಗಾಜಿನ ಹಿಂದಿನ ಗಡಿ ಅಧಿಕಾರಿ, ಆಮೇಲೆ ಬಸ್ಸು, ಆಮೇಲೆ ಅಕ್ಕ. ಮಧ್ಯಾಹ್ನ ಅಕ್ಕನಿಗೆ ಆಪರೇಷನ್, ನೀನು ಬರೋವರೆಗೂ ನಾನು ಸ್ಟ್ರೆಚರ್ ಹತ್ತಲ್ಲ ನೋಡು ಎಂದು ಫೋನಿನಲ್ಲಿ ನಗಾಡಿದಳು, ಭಾವ ಫೋನ್ ಕಿತ್ತುಕೊಂಡು, ಬೇಗ ಬಾಮ್ಮ, ಡಾಕ್ಟ್ರು ಏನೂ ಗ್ಯಾರಂಟಿ ಕೊಡ್ತಿಲ್ಲ. ಭಯವಾಗುತ್ತಿದೆ. ಮೂರು ವರ್ಷ ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗಿದ್ದೇ ತಿರುಗಿದ್ದು, ಸೀಟು ಹರಿದ ಅಗ್ಗದ ಬಸ್ಸು, ಹತ್ತು ಜನ ಗೊರಕೆ ಹೊಡೆಯುವ ಕೋಣೆಯಲ್ಲಿ ಮೇಲಿನ ಮಂಚ, ಒಗೆದ ಬಟ್ಟೆ ಒಣಗುವ ಮೊದಲೇ ಮುಂದಿನ ಊರು, ಭೂಮಿ ಮುಗಿದ ಮೇಲಾದ್ರೂ ನಮ್ಮನೆಗೆ ಬರ್ತೀಯೇನೇ ಎಂದು ಅಕ್ಕ ಛೇಡಿಸುತ್ತಿದ್ದಳು. ಬಂದಳಲ್ಲ, ಬಂದದ್ದು ಯಾವ ದಾರಿಯಲ್ಲಿ. ಅಕ್ಕ ಮದುವೆಯಾಗಿ ಬಂದ ಈ ದೇಶಕ್ಕೂ ಪಕ್ಕದ ದೇಶಕ್ಕೂ ಎಣ್ಣೆ ಸೀಗೆಕಾಯಿ, ಅಲ್ಲಿ ಕಾಲಿಟ್ಟು ಬಂದವರನ್ನು ಇಲ್ಲಿ ಒಳಗೆ ಬಿಡುವುದಿಲ್ಲ, ಅದು ಗೊತ್ತಿದ್ದೇ ಅಲ್ಲಿನವರು ಪ್ರವಾಸಿಗಳಿಗೆ ಪಾಸ್‌ಪೋರ್ಟಿನ ಬದಲು ಬಿಡಿ ಚೀಟಿಯ ಮೇಲೆ ಮುದ್ರೆ ಒತ್ತಿ ಕೊಡುತ್ತಾರೆ — ಚೀಟಿ ಹರಿದು ಬಿಸಾಕು, ಇಲ್ಲಿನ ಸೋಪು, ಚಿಲ್ಲರೆ, ಬಸ್ ಟಿಕೆಟ್ಟು ಏನೂ ಇಟ್ಕೋಬೇಡ, ಮೂರನೇ ದೇಶ ಬಳಸ್ಕೊಂಡು ಹೋಗು, ಎಂದು ಕೆಳಗಿನ ಮಂಚದ ಗಡ್ಡದವನು ಪಾಠ ಹೇಳಿದ್ದ, ಮಹಾ ಗುರು, ಎಲ್ಲ ಎಸೆದಳು, ಹಲ್ಲುಜ್ಜುವ ಪೇಸ್ಟನ್ನೂ ಬಿಡಲಿಲ್ಲ, ಕೈಯನ್ನು ಎಲ್ಲಿ ಎಸೆಯುವುದು.

ಚಳಿಗಾಲವಿಡೀ ಅಲ್ಲಿದ್ದದ್ದೇ ತಪ್ಪು, ಇಲ್ಲ, ತಪ್ಪೇನು, ಜ್ವರದಲ್ಲಿ ಬಿದ್ದವಳನ್ನು ಹಾಸ್ಟೆಲ್ಲಿನ ನೆಲ ಒರೆಸುವ ಅಜ್ಜಿ ತನ್ನ ಮನೆಗೆ ಕರೆದೊಯ್ದು, ತನ್ನದೊಂದೇ ಕಂಬಳಿಯನ್ನು ಹೊದಿಸಿ, ಗಂಜಿ ಕುಡಿಸಿ — ಅಲ್ಲಿ ಯಾರೂ ಥ್ಯಾಂಕ್ಸ್ ಎನ್ನುವುದಿಲ್ಲ, ಬಲಗೈಯನ್ನು ಎದೆಗೊತ್ತಿ ತಲೆ ಬಾಗಿಸುತ್ತಾರೆ, ಬರೀ ಕೈ ಇಟ್ರಾಯ್ತಾ, ಒಂಚೂರು ತಲೆ ಬಗ್ಗಿಸೇ ಹುಡುಗಿ, ಎಂದು ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. ಈಗ ಯಾರು ಜಾಗ ಬಿಟ್ಟುಕೊಟ್ಟರೂ ಕೈ ತಾನಾಗಿ ಏಳುತ್ತದೆ. ಇಲ್ಲಿಯವರು ಆ ಕಡೆಯವರನ್ನು ಅಣಕಿಸುವುದೂ ಅದೇ ಕೈಯಿಟ್ಟು, ಎಂದು ಭಾವನೇ ಹೇಳಿದ್ದ. ಮುಂದೆ ಬನ್ನಿ, ಯಾರದು, ನಿದ್ದೆ ಮಾಡ್ತಿದೀರಾ. ಅವಳೇ. ಅಧಿಕಾರಿ ಪುಟ ತಿರುವುತ್ತಾನೆ, ದಪ್ಪ ಕನ್ನಡಕ, ಸಿಡುಕು ಮೋರೆ, ದೇವರೇ, ಹೀಗೇ ಇರಲಿ. ಪಕ್ಕದ ದೇಶಕ್ಕೆ ಹೋಗಿದ್ರಾ. ಇಲ್ಲ ಸಾರ್. ಅಷ್ಟು ದಿನ ಎಲ್ಲೆಲ್ಲಿ ಅಲೀತಿದ್ರಿ, ಕೆಲಸ ಇಲ್ವಾ ನಿಮಗೆ. ಗದರಲಿ, ಇನ್ನಷ್ಟು ಗದರಲಿ, ಗದರಿದರೆ ಕೈ ಸುಮ್ಮನಿರುತ್ತದೆ. ಇಲ್ಲಿಗ್ಯಾಕೆ ಬಂದ್ರಿ. ಅಕ್ಕನಿಗೆ ಆಪರೇಷನ್ ಸಾರ್, ಇವತ್ತೇ. ಪುಟ ತಿರುವುವುದು ನಿಂತಿತು. ಇವತ್ತಾ, ಅಯ್ಯೋ, ಮೊದಲೇ ಹೇಳಬಾರ್ದೇನಮ್ಮ, ಕ್ಯೂ ಬಿಟ್ಟು ಮುಂದೆ ಕರೀತಿದ್ದೆ — ಬೇಡ, ಬೇಡ ಸಾರ್, ಮುಖ ಮೆತ್ತಗಾಗುತ್ತಿದೆ, ಕನ್ನಡಕ ತೆಗೆಯುತ್ತಿದ್ದಾನೆ, ರೀ, ಆ ಬಸ್ ನಿಲ್ಲಿಸ್ರೀ, ಒಬ್ಬರು ಬರೋರಿದ್ದಾರೆ, ಎಂದು ಹೊರಗೆ ಕೂಗಿದ, ಏನೂ ಆಗಲ್ಲ ಕಣಮ್ಮ, ಅಕ್ಕ ಹುಷಾರಾಗ್ತಾರೆ, ನಾನು ಹೇಳ್ತೀನಿ ಕೇಳು, ಎಂದು ಮುದ್ರೆ ಎತ್ತಿದ, ಅವಳ ಕಣ್ಣು ತುಂಬಿತು, ಎರಡು ದಿನದಿಂದ ಅವಳಿಗೆ ಇಷ್ಟು ಹೇಳಿದವರು ಯಾರೂ ಇರಲಿಲ್ಲ, ಪಟ್ಟಿ ಯಾವಾಗ ಸಡಿಲಾಯಿತೋ, ತಲೆಯೂ ಒಂಚೂರು ಬಾಗಿತ್ತು.

ಮುದ್ರೆ ಗಾಳಿಯಲ್ಲೇ ನಿಂತಿತು. ಅವನ ನೋಟ ಅವಳ ಮುಖದಿಂದ ಕೆಳಗಿಳಿಯಿತು, ಕಾಲರ್ ಸರಿಮಾಡಿಕೊಂಡ ಹಾಗೆ ನಟಿಸು, ಕೆಮ್ಮು, ಏನಾದರೂ ಮಾಡು, ಕನ್ನಡಕ ಮತ್ತೆ ಮೂಗಿಗೇರಿತು, ಮುದ್ರೆ ಡಬ್ಬಿಗೆ ಹೋಯಿತು, ಆ ಬೆಂಚಿನ ಮೇಲೆ ಕೂತ್ಕೊಳ್ಳಿ, ಬಸ್ ಬಿಡ್ರೀ, ಹೊರಗೆ ಹಾರ್ನು, ಅಕ್ಕ ಬಾಗಿಲನ್ನೇ ನೋಡುತ್ತಿರುತ್ತಾಳೆ, ಸ್ಟ್ರೆಚರ್, ಬಾಗಿಲು, ಇಳಿಸು, ಈಗಲಾದರೂ ಇಳಿಸು, ಕೈ, ಎದೆಯ ಮೇಲೆ ಕೈ, ಕೈ ಅಲ್ಲೇ —