ಎರ್ರಮ್ಮ ಆರಿಸದ ಕರ್ಪೂರ

ಗಂಡ ತಿಪ್ಪೇಶ್ ಬೈಕ್ ಅಪಘಾತದಲ್ಲಿ ತೀರಿಕೊಂಡ ಮೇಲೆ ಕಲ್ಪನಾಗೆ ಅತ್ತೆಯ ಎದುರಿಗೆ ಕೂತರೆ ಮಾತ್ರ ತುತ್ತು ಇಳಿಯುತ್ತಿತ್ತು. ಹಾಗಾಗಿ ಅತ್ತೆ ಎರ್ರಮ್ಮ ಏನು ಉಣ್ಣುತ್ತಾರೆಂದು ಕಲ್ಯಾಣದುರ್ಗದ ಆ ಮನೆಯಲ್ಲಿ ಅವಳಷ್ಟು ತಿಳಿದವರು ಬೇರೆ ಇರಲಿಲ್ಲ. ಸಣ್ಣ ಮುದ್ದೆ, ಸೊಪ್ಪಿನ ಸಾರು, ಒಂದು ಲೋಟ ಮಜ್ಜಿಗೆ. ಸಕ್ಕರೆ ಕಾಯಿಲೆ ಬಂದಂದಿನಿಂದ ಎರ್ರಮ್ಮ ಬೆಲ್ಲದ ಡಬ್ಬಿ ಮುಟ್ಟಿರಲಿಲ್ಲ. ಆದರೂ ಸಕ್ಕರೆ ಇಳಿಯಲಿಲ್ಲ.

"ಏಮಮ್ಮಾ, ಲಡ್ಡೂಲು ಗಟ್ಟಿಗಾ ತಿನ್ನಾರಾ?" ಲಾಡು ಜೋರಾಗಿ ತಿಂದಿರಾ ಎಂದು ರಕ್ತ ಪರೀಕ್ಷೆಯ ಲ್ಯಾಬಿನವನು ತೆಲುಗಿನಲ್ಲಿ ನಕ್ಕಿದ್ದ. ಮಾವ ತೋಟಪ್ಪ ಆ ನಗುವನ್ನು ಮನೆಯವರೆಗೂ ಹೊತ್ತು ತಂದರು.

ಆ ಮನೆಯಲ್ಲೊಂದು ವಾಡಿಕೆ ಇತ್ತು. ಹೆಂಗಸಿನ ಮಾತಿನ ಮೇಲೆ ಅನುಮಾನ ಬಂದರೆ ದೇವರ ಮುಂದೆ ಕರ್ಪೂರ ಹಚ್ಚಿಡುವುದು. ಅದನ್ನು ಅಂಗೈಯಿಂದ ಆರಿಸಿ ಪ್ರಮಾಣ ಮಾಡಿದವಳು ಸಾಚಾ, ಕೈ ಹಿಂದೆಗೆದವಳು ಕಳ್ಳಿ. ಗಂಡಸರು ಆ ತಟ್ಟೆಯ ಮುಂದೆ ಕೂತದ್ದನ್ನು ಕಲ್ಪನಾ ಒಮ್ಮೆಯೂ ಕಂಡಿರಲಿಲ್ಲ. ಎರ್ರಮ್ಮ ಆಗಲೇ ಎರಡು ಸಲ ಆರಿಸಿದ್ದರು. ಎರಡು ಸಲವೂ ಮುಂದಿನ ಪರೀಕ್ಷೆಯಲ್ಲಿ ಸಕ್ಕರೆ ಏರಿಯೇ ಇತ್ತು. ಈಗ ಅವರು ಕದ್ದು ತಿನ್ನುವವರಷ್ಟೇ ಅಲ್ಲ, ದೇವರ ಮುಂದೆಯೇ ಸುಳ್ಳು ಹೇಳಿದವರೂ ಆಗಿದ್ದರು.

ತನ್ನ ಮಾತು ಉಳಿಸಿಕೊಳ್ಳಲು ಎರ್ರಮ್ಮ ರಾತ್ರಿಯ ಊಟವನ್ನೇ ಬಿಟ್ಟರು, ಮಾತ್ರೆ ಬಿಡಲಿಲ್ಲ. ಒಂದು ಬೆಳಗ್ಗೆ ಸಕ್ಕರೆ ಅತಿಯಾಗಿ ಇಳಿದು ಮೈಯೆಲ್ಲ ಬೆವೆತು, ಕೈಕಾಲು ನಡುಗಿ, ಹಿತ್ತಲ ಬಾಗಿಲಲ್ಲಿ ಕುಸಿದರು. ಕಲ್ಪನಾ ಓಡಿಬಂದು ತೊಡೆಯ ಮೇಲೆ ಒರಗಿಸಿಕೊಂಡು ಸಕ್ಕರೆ ನೀರು ಕುಡಿಸಿದಳು.

"ಅಯ್ಯಯ್ಯೋ, ನೋಡ್ಲಾ ತೋಟ! ಸಕ್ಕರೆ ತಿನ್ಸೋ ಕಳ್ಳಿ ಇವಳೇ ಕಣ್ಲಾ!" ಎಂದು ಮಾವನ ಅಕ್ಕ ನಾರಮ್ಮ ಬೊಬ್ಬೆ ಹೊಡೆದಳು.

ಕಲ್ಪನಾ ಸೆರಗಿನಿಂದ ಅತ್ತೆಯ ಬಾಯಿ ಒರೆಸಿದಳು. ಸೆರಗಿನಲ್ಲಿ ರಕ್ತವಿತ್ತು, ಕೀವಿನ ವಾಸನೆಯಿತ್ತು. ಅತ್ತೆ ಚೇತರಿಸಿಕೊಂಡ ಮೇಲೆ ತುಟಿ ಸರಿಸಿ ನೋಡಿದಳು. ವಸಡು ಊದಿ ಹಲ್ಲಿನ ಬುಡದಿಂದ ಬಿಟ್ಟುಕೊಂಡಿತ್ತು.

"ಎಷ್ಟು ದಿನದಿಂದ ಅತ್ತೆ?"

"ವರ್ಷದ ಮೇಲಾಯ್ತು ಕಣಮ್ಮ. ಕೆಟ್ಟ ರಕ್ತ, ಹೋಗ್ಲಿ ಬುಡು ಅಂತ ನಾರಮ್ಮಕ್ಕ ಹೊಗೆಸೊಪ್ಪಿನ ಕಡ್ಡಿಪುಡಿ ತಿಕ್ಕುಸ್ತಾ ಅವ್ಳೆ."

"ಹಿಂದೂಪುರದಲ್ಲಿ ನನ್ನ ಗೆಳತಿ ರಮ್ಯಾ ಹಲ್ಲಿನ ಡಾಕ್ಟ್ರು. ನಾಳೆ ಹೋಗೋಣ."

"ಹಲ್ಲು ಮುಟ್ಸಿದ್ರೆ ಕಣ್ಣು ಹೋಯ್ತವೆ," ಎಂದರು ತೋಟಪ್ಪ. "ಕಾಯಿಲೆ ಇರೋದು ಸಕ್ಕರೇದು. ಹಲ್ಲಿಗೂ ಅದುಕ್ಕೂ ಏನಮ್ಮ ಸಂಬಂಧ?"

"ಸಂಬಂಧ ಐತೆ ಮಾವ. ಬಾವು ಎಲ್ಲಿದ್ರೂ ಸಕ್ಕರೆ ಏರುತ್ತೆ."

"ಓದಿರೋಳು ಹೇಳ್ಬುಟ್ಳು, ಕೇಳ್ರಪ್ಪ!" ನಾರಮ್ಮ ತಟ್ಟೆ ತಂದು ಕರ್ಪೂರ ಹಚ್ಚಿದಳು. "ಮೊದ್ಲು ಎರ್ರಿ ಇದನ್ನ ಆರಿಸ್ಲಿ. ಆಮೇಲೆ ಎಲ್ಲಿಗಾರಾ ಹೋಗ್ಲಿ."

ಎರ್ರಮ್ಮ ಉರಿಯನ್ನು ನೋಡುತ್ತ ಕೂತರು. ಆಮೇಲೆ ಕೈಯನ್ನು ಮಡಿಲಿಗೆ ಎಳೆದುಕೊಂಡರು.

"ಆರ್ಸಲ್ಲ. ಎರಡು ಸಲ ನಿಜಾನೇ ಹೇಳಿವ್ನಿ. ದೇವ್ರಿಗೆ ಗೊತ್ತು. ಗೊತ್ತಿಲ್ದೋರು ನೀವು."

ಕರ್ಪೂರ ತಾನಾಗಿಯೇ ಉರಿದು ಮುಗಿಯಿತು. ಯಾರಿಗೂ ಏನೂ ಆಗಲಿಲ್ಲ.

ಮರುದಿನ ಹಿಂದೂಪುರದಲ್ಲಿ ರಮ್ಯಾ ಎರ್ರಮ್ಮನ ಬಾಯಿ ನೋಡಿ ಹೇಳಿದಳು: "ಅಮ್ಮಾ, ವಸಡಿನ ಬಾವು ಸಕ್ಕರೆ ಏರಿಸುತ್ತೆ. ಸಕ್ಕರೆ ಏರಿದಷ್ಟೂ ವಸಡು ಕೊಳೆಯುತ್ತೆ. ಹಲ್ಲಿನ ಬುಡದವರೆಗೂ ಕ್ಲೀನ್ ಮಾಡ್ತೀನಿ, ನಾಲ್ಕಾರು ಸಲ ಬರಬೇಕು. ಕಡ್ಡಿಪುಡಿ ಇವತ್ತೇ ಬಿಡಿ. ಮಾತ್ರೆ, ಪಥ್ಯ ಬಿಡಂಗಿಲ್ಲ, ಊಟಾನೂ ಬಿಡಂಗಿಲ್ಲ. ಸಕ್ಕರೆ ಪೂರ್ತಿ ಹೋಗಲ್ಲ, ಒಂದಿಷ್ಟು ಇಳೀಬಹುದು."

"ಕಣ್ಣು?" ಎಂದು ಕೇಳಿದರು ಎರ್ರಮ್ಮ.

"ಕಣ್ಣು ಹೋಗೋದು ಸಕ್ಕರೆಯಿಂದಮ್ಮ, ಹಲ್ಲು ಕ್ಲೀನ್ ಮಾಡೋದ್ರಿಂದಲ್ಲ."

ಓದುವವರೇ, ಪಥ್ಯ ಮಾಡಿದರೂ ಸಕ್ಕರೆ ಇಳಿಯದ ಹೆಂಗಸು ನಿಮ್ಮ ಮನೆಯಲ್ಲೂ ಇರಬಹುದು. ಅವಳು ಕದ್ದು ತಿಂದಳೇ ಎಂದು ಕೇಳುವ ಮೊದಲು ಅವಳ ವಸಡನ್ನು ಯಾರಾದರೂ ನೋಡಿದ್ದಾರೆಯೇ?

ಕೆಲವು ತಿಂಗಳ ಮೇಲೆ ಮತ್ತೆ ರಕ್ತ ಪರೀಕ್ಷೆಯಾಯಿತು. ಅದೇ ಮಾತ್ರೆ, ಅದೇ ಮುದ್ದೆ. ಸಕ್ಕರೆ ಸ್ವಲ್ಪವೇ ಇಳಿದಿತ್ತು. ಆದರೆ ಇನ್ಸುಲಿನ್ ಶುರು ಮಾಡಬೇಕೆಂದಿದ್ದ ಸಕ್ಕರೆ ಕಾಯಿಲೆಯ ಡಾಕ್ಟರು ಈಗಲೇ ಬೇಡ ಎಂದರು. ವಸಡಿನ ಚಿಕಿತ್ಸೆ ನಿಲ್ಲಿಸಬೇಡಿ ಎಂದೂ ಹೇಳಿದರು.

ತೋಟಪ್ಪ ಹೊಸಿಲಲ್ಲೇ ನಿಂತು ಕೆಮ್ಮಿದರು. "ನೀನು ತಿಂದಿರ್ಲಿಲ್ಲ ಬುಡು."

ಎರ್ರಮ್ಮ ತಲೆ ಎತ್ತಿದರು. ಕಲ್ಪನಾ ಮದುವೆಯಾಗಿ ಬಂದ ಹೊಸತರಲ್ಲಿ ಕಂಡಿದ್ದ ಗತ್ತು ಆ ಮುಖಕ್ಕೆ ಮರಳಿತ್ತು.

"ಕಾಗದ ಹೇಳ್ದಾಗ ನಂಬಿದ್ರಿ. ನಾನು ಹೇಳ್ದಾಗ್ಲೇ ನನ್ ಸೊಸೆ ನಂಬಿದ್ಲು."

ತೋಟಪ್ಪ ಒಳಗೆ ಹೋದರು. ಬಹಳ ದಿನಗಳಿಂದ ಏನೂ ಅನ್ನಿಸದ ಕಲ್ಪನಾಗೆ ಎದೆಯಲ್ಲಿ ಏನೋ ತುಂಬಿ ಬಂತು.

ಸೆರಗಿನಿಂದ ಊದಿದ ಕೆನ್ನೆ ಮುಚ್ಚಿಕೊಂಡು ನಾರಮ್ಮ ಪಕ್ಕದಲ್ಲಿ ಬಂದು ಕೂತಳು. "ಎರ್ರೀ, ಆ ಡಾಕ್ಟ್ರಮ್ಮ ಬಲೇ ನೋಯಿಸ್ತಾಳೇನೇ?"

"ನೋಯ್ತದೆ ಅಕ್ಕ," ಎಂದರು ಎರ್ರಮ್ಮ. "ಸುಳ್ಳಿ ಅನ್ನಿಸ್ಕೊಂಡಷ್ಟು ನೋಯಲ್ಲ. ಸೋಮವಾರ ಹೊಂಡು, ನಾನೂ ಬತ್ತೀನಿ."