ಮುಚ್ಚಿದ ಕಿವಿಗೆ ನಾಲ್ಕು ವರ್ಷ

ನನ್ನ ಹೆಂಡತಿಯ ತಮ್ಮನಿಗೆ ನಾನಿಟ್ಟ ಅಡ್ಡಹೆಸರು ‘ಸುವಾರ್ತೆ’. ಈಗ ಬೀದಿಯವರೆಲ್ಲ ಹಾಗೇ ಕರೆಯುತ್ತಾರೆ, ಅವನೂ ನಗುತ್ತ ಓಗೊಡುತ್ತಾನೆ. ಅವಮಾನ ಮಾಡಿದರೆ ಮನುಷ್ಯನಿಗೆ ಅವಮಾನ ಆಗಬೇಕು ತಾನೇ? ಇವನಿಗೆ ಆಗುವುದಿಲ್ಲ. ನನ್ನ ಮೈ ಉರಿಯುವುದೇ ಅದಕ್ಕೆ.

ಅವನ ಕಸುಬು ಕಿವಿ ಮಷಿನ್ ರಿಪೇರಿ. ಉಳಿದ ದಿನ ಅಂಗಡಿಯಲ್ಲಿ ಕೂತು ಕೆಲಸ ಮಾಡುವವನು ಗುರುವಾರ ಮಾತ್ರ ಚೀಲ ಹೆಗಲಿಗೇರಿಸಿ ಗಿರಾಕಿಗಳ ಮನೆಮನೆಗೆ ಹೋಗುತ್ತಾನೆ. ಮಷಿನ್ ಒರೆಸಿ ಕಿವಿಗೆ ಹಾಕುತ್ತಾನೆ, ಹಾಕಿದ ಮರುಗಳಿಗೆ ಆ ಕಿವಿಗೇ ಯೇಸುವಿನ ವಿಷಯ, ಅವನ ಬಾಯಲ್ಲಿ ‘ಸುವಾರ್ತೆ’, ಶುರು ಮಾಡುತ್ತಾನೆ. ಯಾರು ಸಹಿಸುತ್ತಾರೆ? ಒಬ್ಬ ನಿವೃತ್ತ ಹೆಡ್‌ಮಾಸ್ಟರು ಅವನ ಚೀಲವನ್ನು ಮೂರನೇ ಮಹಡಿಯ ಮೆಟ್ಟಿಲಿಂದ ಉರುಳಿಸಿದರು. ಈ ಪುಣ್ಯಾತ್ಮ ಮೆಟ್ಟಿಲು ಮೆಟ್ಟಿಲಲ್ಲೂ ಕೂತು ಬ್ರಷ್ಷು, ಚಿಮಟ, ಸೆಲ್ಲುಗಳನ್ನು ಆಯ್ದುಕೊಂಡು, ಮುಂದಿನ ಗುರುವಾರ ಮತ್ತೆ ಅದೇ ಬಾಗಿಲು ತಟ್ಟಿದ. ಔಷಧಿ ಅಂಗಡಿಯ ಹೆಂಗಸು ಇವನ ಚೀಲ ಕಂಡರೆ ಸಾಕು, ಷಟರ್ ಅರ್ಧ ಇಳಿಸುತ್ತಾಳೆ. ಇವನು ಬಗ್ಗಿ, ಷಟರಿನ ಕೆಳಗಿಂದ “ಚೆನ್ನಾಗಿದೀರಾ” ಎಂದು ಕೇಳಿ ಹೋಗುತ್ತಾನೆ. ಎಮ್ಮೆಯ ಚರ್ಮಕ್ಕೂ ಒಂದು ಮಿತಿ ಇದೆ.

ನಾನು ಮೂವತ್ತೊಂದು ವರ್ಷ ಡಬ್ಬಿ ಕಾರ್ಖಾನೆಯಲ್ಲಿ ಮುಚ್ಚಳ ಒತ್ತುವ ಯಂತ್ರದ ಮುಂದೆ ನಿಂತವನು. ಕಿವಿಯನ್ನು ಯಂತ್ರ ತಿಂದಿತು, ತಲೆ ತಿನ್ನಲು ಇವನು ಬಂದ. ಬೈದು ಓಡಿಸೋಣವೆಂದರೆ ಮಷಿನ್ನಿನ ನಳಿಗೆಯಲ್ಲಿ ವಾರಕ್ಕೊಮ್ಮೆ ಗುಗ್ಗೆ ಕಟ್ಟಿಕೊಳ್ಳುತ್ತದೆ, ಅದನ್ನು ತೆಗೆಯಲು ನನ್ನ ಕೈ ನಡುಗುತ್ತದೆ. ಹಾಗಾಗಿ ಒಂದು ಉಪಾಯ ಮಾಡಿಕೊಂಡೆ. ಸೆಲ್ ಇಡುವ ಪುಟ್ಟ ಬಾಗಿಲನ್ನು ಉಗುರಿನಿಂದ ಒಂಚೂರು ಎಬ್ಬಿಸಿದರೆ ಮಷಿನ್ ಆಫ್. ಅವನು ಮಷಿನ್ ಹಾಕಿ ಎದುರಿನ ಕುರ್ಚಿಯಲ್ಲಿ ಕೂರುತ್ತಿದ್ದಂತೆ ನಾನು ಕಿವಿ ತುರಿಸಿಕೊಳ್ಳುತ್ತಿದ್ದೆ. ಲೋಕ ತಣ್ಣಗಾಗುತ್ತಿತ್ತು. ಅವನ ಬಾಯಿ ಇಪ್ಪತ್ತು ನಿಮಿಷ ಆಡುತ್ತಿತ್ತು, ಹುಬ್ಬು ಏರಿ ಇಳಿಯುತ್ತಿತ್ತು, ಒಮ್ಮೊಮ್ಮೆ ಕಣ್ಣು ತುಂಬುತ್ತಿತ್ತು. ನಾನು ಆಗಾಗ ತಲೆಯಾಡಿಸುತ್ತ ಊಟಕ್ಕೇನಿರಬಹುದು ಎಂದು ಯೋಚಿಸುತ್ತಿದ್ದೆ.

ಏಳುವ ಮುಂಚೆ ಅವನದೊಂದು ನಾಟಕವಿತ್ತು. ಅಂಗೈಯನ್ನು ಬಟ್ಟಲಿನಂತೆ ಮಾಡಿ ನನ್ನ ಕಿವಿಯ ಹತ್ತಿರ ತಂದು ಒಂದು ಗಳಿಗೆ ಹಿಡಿಯುತ್ತಿದ್ದ. ಆಮೇಲೆ ಏನೂ ಹೇಳದೆ ಚೀಲ ಎತ್ತಿಕೊಂಡು ಹೋಗುತ್ತಿದ್ದ. ನನ್ನ ಅಪ್ಪಣೆಯಿಲ್ಲದೆ ನನಗೇ ಆಶೀರ್ವಾದ! ವಯಸ್ಸಿನಲ್ಲಿ ಹನ್ನೆರಡು ವರ್ಷ ಚಿಕ್ಕವನು. ಅವನು ಹೋದ ಮೇಲೆ ಆ ಕಿವಿಯನ್ನು ಟವೆಲಿನಿಂದ ಒರೆಸಿಕೊಳ್ಳುತ್ತಿದ್ದೆ.

ಹೀಗೆ ನಾಲ್ಕು ವರ್ಷ ಕಳೆಯಿತು. ಹೋದ ಗುರುವಾರ ಅವನು ಬಂದಾಗ ಕಾರ್ಖಾನೆಯ ಹಳೇ ಗೆಳೆಯರಿಬ್ಬರು ಇಸ್ಪೀಟಿಗೆ ಬಂದು ಕಾದಿದ್ದರು. ನಾನು ತಲೆಯಾಡಿಸುವುದನ್ನು ನೋಡಿ, ಅವನು ಹೋದ ಮೇಲೆ ಬಿದ್ದು ಬಿದ್ದು ನಕ್ಕರು. “ಭಾಮೈದ ನಿನ್ನನ್ನ ಬುಟ್ಟಿಗೆ ಹಾಕ್ಕೊಂಡ ಬಿಡು. ಮುಂದಿನ ವಾರ ನೀನೂ ಚೀಲ ಹಿಡ್ಕೊಂಡು ಹೊರಡ್ತೀಯ,” ಎಂದರು. ನನಗೆ ಕೆಂಡ ತುಳಿದಂತಾಯಿತು. ಮರುದಿನ ಅಂಗಡಿಗೇ ಹೋಗಿ ದೂರು ಕೊಡಲು ಹೊರಟೆ. ಗಿರಾಕಿಗಳ ಹತ್ತಿರ ದೇವರ ಮಾತೆತ್ತಬಾರದು ಎಂಬುದು ಆ ಅಂಗಡಿಯ ಕಟ್ಟಳೆ, ಗೋಡೆಯ ಮೇಲೆ ಬರೆದಿದೆ.

ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. “ರೀ, ಅವನ ಕೆಲಸ ಹೋಗುತ್ತೆ. ಎರಡು ಹೆಣ್ಣುಮಕ್ಕಳಿದಾವೆ ಅವನಿಗೆ.”

“ಅವನ ದೇವರಿದಾನಲ್ಲ, ನೋಡ್ಕೋತಾನೆ.”

“ಅಂಥದ್ದೇನು ಹೇಳ್ದ ನಿಮಗೆ?”

“ನಿನಗೆ ಗೊತ್ತಾಗಲ್ಲ, ಸರಿ ಅತ್ಲಾಗೆ,” ಎಂದು ಚಪ್ಪಲಿ ಮೆಟ್ಟಿದೆ.

ಅಂಗಡಿ ಎಂದರೆ ಉದ್ದನೆಯ ಒಂದು ಕೋಣೆ. ಮುಂದೆ ಕಾಯುವವರ ಬೆಂಚು, ಹಿಂದೆ ಗಾಜಿನ ಗೋಡೆಯ ಆಚೆ ಒಡತಿಯ ಮೇಜು. ಬೆಂಚಿನ ಮೇಲೆ ಒಬ್ಬಳು ಅಜ್ಜಿ, ಅವಳ ಮುಂದೆ ಸ್ಟೂಲಿನಲ್ಲಿ ನಮ್ಮ ಸುವಾರ್ತೆ. ಅವನು ನನ್ನನ್ನು ನೋಡಲಿಲ್ಲ. ಅಜ್ಜಿಯ ಕಿವಿಗೆ ಮಷಿನ್ ಹಾಕಿ, ಅಂಗೈಯನ್ನು ಬಟ್ಟಲು ಮಾಡಿ ಹತ್ತಿರ ತಂದ. ಇಲ್ಲೂ ಶುರುವಾಯಿತು ಎಂದುಕೊಂಡೆ. ಅಷ್ಟರಲ್ಲಿ ಮಷಿನ್ ‘ಕುಂಯ್’ ಎಂದು ಸಿಳ್ಳೆ ಹಾಕಿತು.

“ಏನಪ್ಪಾ ಅದು?” ಅಜ್ಜಿ ಬೆಚ್ಚಿದಳು.

“ಏನಿಲ್ಲ ಅಜ್ಜಿ. ಕೈ ಹತ್ರ ತಂದ್ರೆ ಹೀಗೆ ಕೂಗ್ಬೇಕು. ಕೂಗಿದ್ರೆ ಮಷಿನ್ ಆನ್ ಇದೆ ಅಂತ. ಕೂಗ್ಲಿಲ್ಲ ಅಂದ್ರೆ ಆಫ್ ಆಗಿದೆ ಅಂತ.”

ನಾನು ನಿಂತಲ್ಲೇ ನಿಂತೆ. ನಾಲ್ಕು ವರ್ಷ, ವಾರಕ್ಕೊಂದು ಸಲ, ಅವನ ಅಂಗೈ ನನ್ನ ಕಿವಿಯ ಹತ್ತಿರ ಬಂದಿತ್ತು. ಒಂದು ಸಲವೂ ಸಿಳ್ಳೆ ಹಾಕಿರಲಿಲ್ಲ.

ಹಿಂದಿರುಗಿ ಹೋಗಬಹುದಿತ್ತು. ಆದರೆ ಗಾಜಿನ ಆಚೆಯಿಂದ ಒಡತಿ ಕೈಸನ್ನೆ ಮಾಡಿ ಕರೆದಾಗಿತ್ತು. ಬಂದ ವಿಷಯವೇನೆಂದು ಅವಳು ಕೇಳಿದಾಗ, ಬಾಯಲ್ಲಿ ಸಿದ್ಧವಾಗಿದ್ದ ಮಾತೇ ಹೊರಬಿತ್ತು. ನಿಮ್ಮ ಮನುಷ್ಯ ನಮ್ಮ ಮನೆಗೆ ಬಂದು ಧರ್ಮಪ್ರಚಾರ ಮಾಡುತ್ತಾನೆ, ಎಂದೆ. ಅವಳು ಒಂದು ಹಾಳೆ ಎಳೆದುಕೊಂಡು ಪೆನ್ನು ತೆರೆದಳು.

“ಏನಂತ ಹೇಳ್ತಾರೆ?”

“ಅದೇ, ಅವನ ದೇವರ ವಿಷಯ.”

“ಸರಿ ಸಾರ್. ಒಂದೆರಡು ಮಾತು ಅವರು ಹೇಳಿದ ಹಾಗೇ ಹೇಳಿ, ಬರ್ಕೋಬೇಕು.”

ತಲೆ ಕೆರೆದುಕೊಂಡೆ. ಇನ್ನೂರು ಗುರುವಾರಗಳಲ್ಲಿ ಒಂದೇ ಒಂದು ವಾಕ್ಯ ನನಗೆ ಗೊತ್ತಿರಲಿಲ್ಲ. ಮೇಜಿನ ಮೇಲಿನ ಹಾಳೆ ಖಾಲಿ ಇತ್ತು, ನನ್ನ ತಲೆಯೂ ಅಷ್ಟೇ ಖಾಲಿ. ಅವಳಿಗೂ ಬೇಸರವಾಯಿತೋ ಏನೋ, ಅವನನ್ನೇ ಒಳಗೆ ಕರೆದಳು.

“ಇವರ ಮನೇಲಿ ನೀವು ಯೇಸು ವಿಷಯ ಮಾತಾಡ್ತೀರಾ?”

ಅವನು ನನ್ನ ಕಡೆ ನೋಡಿದ, ನನ್ನ ಕಿವಿಯ ಕಡೆಯೂ ನೋಡಿದ. “ಹೌದು ಮೇಡಂ. ಪ್ರತೀ ವಾರ ಮಾತಾಡ್ತೀನಿ. ಭಾವ ಹೇಳ್ತಿರೋದು ನಿಜ.”

“ಇದು ಎರಡನೇ ದೂರು. ಇನ್ನು ನಿಮ್ಮನ್ನ ಇಟ್ಕೊಳ್ಳೋಕೆ ಆಗಲ್ಲ, ಗೊತ್ತಲ್ವಾ?”

“ಗೊತ್ತು ಮೇಡಂ.”

‘ಇವರಿಗೆ ಒಂದು ಮಾತೂ ಕೇಳಿಸಿಲ್ಲ, ಮಷಿನ್ ಆಫ್ ಮಾಡ್ಕೊಂಡು ಕೂರ್ತಾರೆ’ ಎಂದು ಒಂದೇ ಮಾತು ಹೇಳಿದ್ದರೆ ದೂರು ಅಲ್ಲೇ ಸಾಯುತ್ತಿತ್ತು, ನನ್ನ ಮಾನವೂ ಹೋಗುತ್ತಿತ್ತು. ಆ ಒಂದು ಮಾತನ್ನು ಮಾತ್ರ ಅವನು ಆಡಲಿಲ್ಲ. ಇಪ್ಪತ್ತು ನಿಮಿಷ ಬಿಡದೆ ಒದರುವ ಬಾಯಿಗೆ ಆಗ ಬೀಗ! ಇಷ್ಟು ದಡ್ಡನನ್ನು ನಾನು ನೋಡಿಯೇ ಇಲ್ಲ. ನನಗೆ ಅವನ ಮೇಲೆ ಅಸಹ್ಯ ಹುಟ್ಟಿತು, ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೇ ಹುಟ್ಟಿತು.

“ಬರ್ಕೋಬೇಡಿ,” ಎಂದೆ. “ನನಗೇನೂ ಕೇಳಿಸಿಲ್ಲ. ಮಷಿನ್ ಆಫ್ ಮಾಡಿಟ್ಟಿದ್ದೆ.”

“ಯಾವತ್ತು?”

“ಎಲ್ಲಾ ಗುರುವಾರ. ನಾಲ್ಕು ವರ್ಷ.”

ಒಡತಿ ಪೆನ್ನಿನ ಮುಚ್ಚಳ ಹಾಕಿದಳು. “ಕೇಳಿಸ್ದೇ ಇರೋ ಮಾತಿಗೆ ದೂರು ಕೊಡೋಕೆ ಬಿಸಿಲಲ್ಲಿ ಇಷ್ಟು ದೂರ ಬಂದ್ರಾ ಸಾರ್?” ಗಾಜಿನ ಆಚೆ ಅಜ್ಜಿ ಕೂಡ ನಗುತ್ತಿದ್ದಳು. ಮಷಿನ್ ಚೆನ್ನಾಗಿ ಕೂತಿತ್ತೆಂದು ಕಾಣುತ್ತದೆ.

ಅವನು ನನ್ನನ್ನು ಬಾಗಿಲವರೆಗೆ ಬಿಡಲು ಬಂದ. ನಾನು ಅವನ ಮುಖ ನೋಡದೆ ಕೇಳಿದೆ. “ಆಫ್ ಇದೆ ಅಂತ ಗೊತ್ತಿದ್ದೂ ಯಾಕೋ ಬಡ್ಕೋತಿದ್ದೆ?”

“ಇವತ್ತಾದ್ರೂ ಕೂಗುತ್ತೇನೋ ಅಂತ ಪ್ರತೀ ಸಲ ಕಿವಿ ಹತ್ರ ಕೈ ಹಿಡಿದು ನೋಡ್ತಿದ್ದೆ ಭಾವ.” ಬಾಗಿಲು ತೆಗೆದು ಹಿಡಿದ. “ಬೇರೆಯವರೆಲ್ಲ ಹೊಸಲಿಂದಾನೇ ಕಳಿಸ್ತಾರೆ. ನೀವು ಕುರ್ಚಿ ಆದ್ರೂ ಕೊಡ್ತಿದ್ರಲ್ಲ.”

ಆ ಕುರ್ಚಿ ಹಾಕುತ್ತಿದ್ದವಳು ನನ್ನ ಹೆಂಡತಿ. ಅದನ್ನು ಹೇಳಬೇಕೆಂದುಕೊಂಡೆ, ಹೇಳಲಿಲ್ಲ.

ಈ ಗುರುವಾರ ಬಂದ. ನಳಿಗೆಗೆ ತಂತಿ ಹಾಕಿ ಗುಗ್ಗೆ ತೆಗೆದ, ಒರೆಸಿದ, ನನ್ನ ಕಿವಿಗೆ ಹಾಕಿದ, ಕುರ್ಚಿಯಲ್ಲಿ ಕೂತ. ನಾನು ಕಿವಿ ತುರಿಸಿಕೊಳ್ಳಲಿ ಎಂದು ಕಾದ. ನಾನು ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಅವನು ಮೆಲ್ಲಗೆ ಅಂಗೈ ಹತ್ತಿರ ತಂದ.

‘ಕುಂಯ್’ ಎಂದಿತು.

ಬಿಸಿ ಪಾತ್ರೆ ಮುಟ್ಟಿದವನಂತೆ ಕೈ ಹಿಂದಕ್ಕೆಳೆದುಕೊಂಡ. ಬಾಯಿ ತೆರೆದ, ಮುಚ್ಚಿದ. ಇನ್ನೂರು ಸಲ ಉಪದೇಶ ಮಾಡಿದ ಮಹಾನುಭಾವನಿಗೆ, ಕೇಳುವ ಒಂದು ಕಿವಿ ಸಿಕ್ಕಾಗ ಮಾತು ಹೊರಡಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದೂ ನಿಂತಿತ್ತು.

“ನಾನು ಒಪ್ಪೋದಿಲ್ಲ, ಅದು ಬೇರೆ ವಿಷಯ,” ಎಂದೆ. “ಅದೇನಿದೆಯೋ ಹೇಳಿ ಸಾಯಿ. ಮೊದಲಿಂದ ಹೇಳು, ಹಿಂದಿನದು ಯಾವುದೂ ನನಗೆ ಗೊತ್ತಿಲ್ಲ.”

ಅವನು ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡ.