ಕೈಮಾತು ಬಲ್ಲವರು

ನನ್ನ ತಮ್ಮನ ಬಲಗೈಯಲ್ಲಿ ಈಗ ಉಳಿದಿರುವುದು ಹೆಬ್ಬೆರಳು ಮತ್ತು ಕಿರುಬೆರಳು. ಮಿಕ್ಕವನ್ನು ಡಬ್ಬಿಯ ಮುಚ್ಚಳ ಒತ್ತುವ ಯಂತ್ರ ನುಂಗಿತು. ಬೇರೆಯವರಿಗಾದರೆ ಬರೀ ಕೈ ಹೋಯಿತು ಎನ್ನಬಹುದಿತ್ತು. ಇವನು ಹುಟ್ಟುಕಿವುಡ, ಇವನಿಗೆ ಅರ್ಧ ನಾಲಗೆಯೇ ಹೋಯಿತು. ಅಂಗಿಯ ಗುಂಡಿ ಹಾಕುವುದನ್ನು ಎಡಗೈಗೆ ಕಲಿಸಿದ್ದಾಯಿತು. ಮಾತು ಮಾತ್ರ ಇನ್ನೂ ತೊದಲುತ್ತದೆ.

ಯಂತ್ರ ಕೆಳಗಿಳಿಯುವ ಮುಂಚೆ ಗಂಟೆ ಬಾರಿಸುತ್ತದೆ. ಕಿವಿ ಕೇಳದವರಿಗಾಗಿ ಕೆಂಪು ದೀಪ ಇರಬೇಕೆಂದು ಕಾನೂನಿದೆ. ದೀಪವೂ ಇತ್ತು, ಕೆಟ್ಟುಹೋಯಿತು. ಇವನು ಸೂಪರ್‌ವೈಸರ್ ಕೋಣೆಗೆ ಹೋಗಿ ಸನ್ನೆಯಲ್ಲಿ ತಿಳಿಸಿದ. ಆತ ನಾಳೆ ಎಂದು ಕೈಯಾಡಿಸಿದ. ನಾಳೆ ಎಂದವನ ಮನೆ ಹಾಳು ಅನ್ನುತ್ತಾರೆ. ಹಾಳಾದದ್ದು ನಮ್ಮ ಮನೆ.

ದೀಪ ಸರಿಯಾಗಿಯೇ ಉರಿಯುತ್ತಿತ್ತು, ಇವನೇ ನೋಡಲಿಲ್ಲ ಎಂದು ಕಂಪನಿಯ ವಾದ. ತಪ್ಪು ಇವನದೆಂದಾದರೆ ಪರಿಹಾರವೂ ಇಲ್ಲ, ಕೆಲಸವೂ ಇಲ್ಲ. ಅದಕ್ಕೇ ನಡೆದದ್ದನ್ನು ಇವನೇ ಕೋರ್ಟಿನಲ್ಲಿ ಹೇಳಬೇಕಿತ್ತು.

ಕೈಮಾತು ಬಲ್ಲ ದುಭಾಷಿಯನ್ನು ಸರ್ಕಾರವೇ ಕೊಡಬೇಕು. ಅದೂ ಕಾನೂನೇ. ಮುಂದೂಡಿ ಮುಂದೂಡಿ ಕೊನೆಗೊಬ್ಬ ಬಂದ. ಐದು ಬೆರಳಿನ ಭಾಷೆ ಕಲಿತವನು. ತಮ್ಮನ ಎರಡು ಬೆರಳು ನೋಡಿ ಬೆವರಿದ. ತನಗೆ ಏನೂ ಸ್ಪಷ್ಟವಾಗುತ್ತಿಲ್ಲ ಎಂದು ಒಪ್ಪಿಕೊಂಡ. ಪಾಪ, ಅವನಾದರೂ ಸುಳ್ಳಾಡಲಿಲ್ಲ.

ನಾನು ಹೇಳುತ್ತೇನೆಂದು ಎದ್ದೆ. ಒಡಹುಟ್ಟಿದ ಅಕ್ಕ ತನಗೆ ಬೇಕಾದದ್ದನ್ನು ಸೇರಿಸುತ್ತಾಳೆ ಎಂದ ಕಂಪನಿಯ ವಕೀಲ. ನ್ಯಾಯಾಧೀಶರು ನನ್ನನ್ನು ಕೂರಿಸಿದರು.

ಆಗ ಮೀಸೆಯಣ್ಣ ಕಣ್ಣಿಗೆ ಬಿದ್ದ. ತಮ್ಮನ ಪಕ್ಕದ ಯಂತ್ರದವನು, ಈಗ ಕಂಪನಿಯ ಸಾಕ್ಷಿ. ಆ ಶೆಡ್ಡಿನ ಸದ್ದಿಗೆ ಕಿವಿ ಇದ್ದವರೂ ಕಿವುಡರೇ. ಅಲ್ಲಿ ಎಲ್ಲರಿಗೂ ಕೈಮಾತು ಕಲಿಸಿದವನು ನನ್ನ ತಮ್ಮ. ಸೂಪರ್‌ವೈಸರ್ ಬಂದ, ಬೆಂಕಿಪೊಟ್ಟಣ ಕೊಡು, ಹೆಂಡತಿ ಮುನಿಸಿಕೊಂಡಿದ್ದಾಳೆ, ಎಲ್ಲವೂ ಕೈಯಲ್ಲೇ. ಬೆರಳು ಹೋದ ಮೇಲೂ ಮೀಸೆಯಣ್ಣ ಮನೆಗೆ ಬರುತ್ತಿದ್ದ. ಆ ತೊದಲು ಕೈಮಾತನ್ನು ನನಗಿಂತ ಬೇಗ ಹಿಡಿಯುತ್ತಿದ್ದ. ಇಬ್ಬರೂ ಸೂಪರ್‌ವೈಸರ್ ನಡಿಗೆಯನ್ನು ಅಣಕಿಸಿ ನಕ್ಕಿದ್ದೇ ನಕ್ಕಿದ್ದು.

"ಸ್ವಾಮಿ, ಅವರ ಸಾಕ್ಷಿನೇ ಇದಾನಲ್ಲ, ಅವನಿಗೆ ಇವನ ಮಾತು ಪೂರ್ತಿ ಅರ್ಥ ಆಗುತ್ತೆ. ಅವನನ್ನೇ ಕೇಳಿ," ಅಂದೆ.

ನ್ಯಾಯಾಧೀಶರು ಕೇಳಿದರು. ಮೀಸೆಯಣ್ಣ ಎದ್ದು ನಿಂತು ಸೂಪರ್‌ವೈಸರ್ ಮುಖ ನೋಡಿದ. ಅವನಿಗೂ ಹೆಂಡತಿ ಮಕ್ಕಳಿದ್ದಾರೆ, ನನಗೆ ಗೊತ್ತು.

"ಇಲ್ಲ ಸ್ವಾಮಿ. ಇವನ ಸನ್ನೆ ನನಗೆ ಬರಲ್ಲ."

ತಮ್ಮನಿಗೆ ಅದು ಕೇಳಿಸಲಿಲ್ಲ. ಗೆಳೆಯ ಎದ್ದು ನಿಂತದ್ದಷ್ಟೇ ಕಂಡಿತು. ಅವನ ಮುಖ ಅರಳಿತು. ತನ್ನ ಪರವಾಗಿ ಮಾತಾಡಲು ಎದ್ದನೆಂದುಕೊಂಡು ಅವನತ್ತಲೇ ತಿರುಗಿ ಹೇಳತೊಡಗಿದ. ದೀಪ ಆರಿತ್ತು. ಕೋಣೆಗೆ ಹೋದೆ. ನಾಳೆ ಅಂದರು.

ಮೀಸೆಯಣ್ಣ ತಲೆ ತಗ್ಗಿಸಿಬಿಟ್ಟ.

ನನ್ನ ತಮ್ಮ ಕಟಕಟೆಯಿಂದ ಇಳಿದು ಬಂದ. ಗೆಳೆಯನ ಗಲ್ಲಕ್ಕೆ ಆ ಮೊಂಡು ಕೈ ಕೊಟ್ಟು ಮುಖ ಮೇಲೆತ್ತಿ, ನೋಡು ಎಂದು ಮತ್ತೆ ಮೊದಲಿನಿಂದ ಶುರುಮಾಡಿದ. ಹೊಡೆಯಲು ಬಂದನೆಂದುಕೊಂಡರೋ ಏನೋ, ಇಬ್ಬರು ಪೊಲೀಸರು ಓಡಿ ಬಂದು ಅವನ ಎರಡೂ ಕೈ ಹಿಂದಕ್ಕೆ ಹಿಡಿದರು.

ಹಾಗೆ ಹಿಡಿದುಕೊಂಡಿರುವಾಗಲೇ ನ್ಯಾಯಾಧೀಶರು ಬರೆಸಿದರು: "ಅರ್ಜಿದಾರರು ಏನನ್ನೂ ಹೇಳಲಿಲ್ಲ."